ರೈಫಲಿಗೆ ಅಂಟಿದ ಭಾರ

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಗ್ರೆನೇಡ್ ಸೈನಿಕ ಹಿಡಿದಿದ್ದ ಎಂ79 ಗ್ರೆನೇಡ್ ಲಾಂಚರ್ ಒಳ್ಳೆಯ ಆಯುಧವೇ. ಆದರೆ ಅದು ಒಮ್ಮೆಗೆ ಹಾರಿಸುತ್ತಿದ್ದದ್ದು 40 ಮಿ.ಮೀ.ನ ಒಂದೇ ಗ್ರೆನೇಡ್. ಶತ್ರು ತೀರ ಹತ್ತಿರ ಬಂದರೆ ಅವನಿಗೆ ಸೊಂಟದ ಪಿಸ್ತೂಲೇ ಗತಿ. ಈ ಕೊರತೆ ನೀಗಲು ಲಾಂಚರನ್ನು ರೈಫಲಿನ ನಳಿಗೆಯ ಕೆಳಗೆ ಕೂರಿಸಿದರು. ಹೀಗೆ ಕೂರಿಸಿದ ಕೋಲ್ಟ್ ಕಂಪನಿಯ ಎಕ್ಸ್‌ಎಂ148 ರಣರಂಗದಲ್ಲಿ ಕೈಕೊಟ್ಟಿತು. ನಳಿಗೆಯನ್ನು ಮುಂದಕ್ಕೆ ಜಾರಿಸಿ ಗ್ರೆನೇಡ್ ತುಂಬುವ ಸರಳ ಎಂ203 ದಶಕಗಳ ಕಾಲ ಬಾಳಿತು. ಸೋವಿಯತ್ ಒಕ್ಕೂಟದವರು ಜಿಪಿ-25ರಲ್ಲಿ ಇನ್ನೂ ಸರಳವಾದ ದಾರಿ ಹಿಡಿದರು: ಗ್ರೆನೇಡನ್ನು ನಳಿಗೆಯ ಬಾಯಿಯಿಂದಲೇ ತುಂಬಬೇಕು, ಹಾರಿಸಿದ ಮೇಲೆ ಹೊರತೆಗೆಯಬೇಕಾದ ತೋಟೆಯೇ ಉಳಿಯುವುದಿಲ್ಲ.

ಆದರೂ ಈ ಜೋಡಣೆಯನ್ನೇ ಅಂತಿಮ ಪರಿಹಾರವೆಂದು ಒಪ್ಪುವುದು ಕಷ್ಟ. ಸುಮಾರು ಒಂದೂವರೆ ಕಿಲೋ ತೂಕ ರೈಫಲಿನ ಮುಂಭಾಗಕ್ಕೆ ಜೋತುಬೀಳುತ್ತದೆ. ಗ್ರೆನೇಡ್ ಹಾರಿಸದ ಹೊತ್ತಿನಲ್ಲೂ, ಅಂದರೆ ಬಹುಪಾಲು ಹೊತ್ತು, ಸೈನಿಕ ಅದನ್ನು ಹೊರಲೇಬೇಕು. ಎರಡು ಆಯುಧ ಹೊರುವುದಕ್ಕಿಂತ ಒಂದೇ ಮೇಲಲ್ಲವೇ, ತುರ್ತಿನಲ್ಲಿ ಆಯುಧ ಬದಲಿಸಲು ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೆಕ್ಲರ್ ಅಂಡ್ ಕೋಖ್‌ನ ಎಂ320 ಆ ಆಯ್ಕೆಯನ್ನು ಸೈನಿಕನಿಗೇ ಬಿಡುತ್ತದೆ: ರೈಫಲಿಗೆ ಜೋಡಿಸಬಹುದು, ಬಿಚ್ಚಿ ಬೇರೆಯಾಗಿಯೂ ಹಾರಿಸಬಹುದು. ನಳಿಗೆ ಪಕ್ಕಕ್ಕೆ ತೆರೆಯುವುದರಿಂದ ಉದ್ದನೆಯ ಗ್ರೆನೇಡುಗಳಿಗೂ ಜಾಗವಿದೆ. ಎಲ್ಲವನ್ನೂ ಒಂದರಲ್ಲೇ ತುರುಕುವ ಹಟ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ರೈಫಲ್, ಲಾಂಚರ್, ಎಲೆಕ್ಟ್ರಾನಿಕ್ ಗುರಿಸಾಧನಗಳನ್ನು ಬೆಸೆಯಹೊರಟ ಅಮೆರಿಕದ ಎಕ್ಸ್‌ಎಂ29 ಸಾಕ್ಷಿ. ತೂಕ, ವೆಚ್ಚ ಎರಡೂ ಮಿತಿಮೀರಿ ಆ ಯೋಜನೆಯನ್ನೇ ಕೈಬಿಟ್ಟರು. ಹೊಸ ಲಾಂಚರ್ ಕೊಳ್ಳುವ ಯಾವ ಸೇನೆಯೂ ಅದರ ವ್ಯಾಪ್ತಿಗಿಂತ ಮೊದಲು ಕೇಳಬೇಕಾದದ್ದು, ಸೈನಿಕ ಅದನ್ನು ಬಿಚ್ಚಿಡಬಲ್ಲನೇ ಎಂದು.