ಅರ್ಧಕ್ಕೆ ನಿಂತ ಆಟಕ್ಕೆ ಹೊಣೆ ಯಾರು?

ಆಟವೆಂದ ಮೇಲೆ ಸೋಲು-ಗೆಲುವು ಇದ್ದದ್ದೇ. ಆದರೆ ಆಟವೇ ಮುಗಿಯದಿದ್ದರೆ? ಆಗ ಗೆದ್ದವನಿಗೆ ಗೆಲುವಿನ ಸವಿಯಿಲ್ಲ, ಸೋತವನಿಗೆ ಕೈಲಾದಷ್ಟು ಹೋರಾಡಿದೆನೆಂಬ ಸಮಾಧಾನವಿಲ್ಲ, ದುಡ್ಡು ಕೊಟ್ಟು ಬಂದವನನ್ನು ಕೇಳುವವರಿಲ್ಲ.

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಆದದ್ದು ಇದೇ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಎರಡೂ ತೊಂಬತ್ತು ನಿಮಿಷ ಗೋಲಿಲ್ಲದೆ ಸಮಸಮ. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀಕಿಕ್ಕನ್ನು ಸುನಿಲ್ ಛೆಟ್ರಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ, ಗೋಲಿಗೆ ಒದ್ದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಮರಳಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನಮ್ಮ ಊರಿನ ತಂಡ ಗೆದ್ದಿತಲ್ಲ, ನಮಗೇಕೆ ಈ ಉಸಾಬರಿ ಎನ್ನುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಬಾಕಿಯಿತ್ತು. ಆಡಿಯೇ ಗೆದ್ದಿದ್ದರೆ ಆ ಗೋಲಿನ ಬಗೆಗಿನ ಜಗಳ ಅಷ್ಟು ಬೆಳೆಯುತ್ತಿರಲಿಲ್ಲ. ಅತ್ತ, ಸಮ ಮಾಡಿಕೊಳ್ಳಬಹುದಾಗಿದ್ದ ಅವಕಾಶವನ್ನು ಕೇರಳದ ಆಟಗಾರರ ಕೈಯಿಂದ ಕಿತ್ತುಕೊಂಡದ್ದು ರೆಫರಿಯಲ್ಲ, ಅವರದೇ ಕೋಚ್. ಕೋಚ್ ಬಾ ಎಂದಾಗ ಬರುವುದಿಲ್ಲವೆನ್ನುವ ಧೈರ್ಯ ಯಾವ ಹುಡುಗನಿಗಿದ್ದೀತು?

ಇನ್ನು ಗ್ಯಾಲರಿಯ ಮಾತು. ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ ಮಲಯಾಳಿಗೆ ಆ ಹಳದಿ ಅಂಗಿ ಬರಿಯ ಬಟ್ಟೆಯಲ್ಲ, ಊರಿನ ನೆಂಟು. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥವನಿಗೆ ಬೆನ್ನು ತೋರಿಸಿ ನಡೆಯುವುದು ಪ್ರತಿಭಟನೆಯೇ?

ಪ್ರಾಣಕ್ಕೆ ಅಪಾಯವಿದ್ದರೆ ಮಾತು ಬೇರೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ಆರೇ ನಿಮಿಷಕ್ಕೆ ಆಟ ನಿಂತಿತು. ಆ ನೂಕುನುಗ್ಗಲಿಗೆ ಬಲಿಯಾದವರು 97 ಜನ. ಅಲ್ಲಿ ಆಟ ನಿಲ್ಲಿಸಿದ್ದು ತಪ್ಪೆನ್ನುವವನು ಮನುಷ್ಯನೇ ಅಲ್ಲ. 2012ರ ಡಿಸೆಂಬರ್ 9ರಂದು ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಕಲ್ಲು ಬಿದ್ದು ರಹೀಮ್ ನಬಿಗೆ ಮುಖದ ಮೇಲೆ ಪೆಟ್ಟಾಯಿತು. ಮೋಹನ್ ಬಗಾನ್ ಎರಡನೆಯ ಅರ್ಧಕ್ಕೆ ಇಳಿಯಲಿಲ್ಲ. ಅದಕ್ಕೆ ಮೊದಲು ಎರಡು ವರ್ಷದ ನಿಷೇಧ ಹಾಕಿ, ಅದನ್ನು ತೆಗೆದ ಮೇಲೆ 2 ಕೋಟಿ ದಂಡ ವಿಧಿಸಿ, ಅಲ್ಲಿಯವರೆಗಿನ ಅಂಕಗಳನ್ನೆಲ್ಲ ಅಳಿಸಿಹಾಕಿದರು. ಕಲ್ಲು ಎಸೆದವರು ಯಾರೋ, ದುಡಿದು ಗಳಿಸಿದ ಅಂಕ ಕಳೆದುಕೊಂಡವರು ಆಟಗಾರರು!

ಇಂಥ ದಂಡದ ಕೋಟಿಗಳೆಲ್ಲ ಸೇರುವುದು ಫೆಡರೇಷನ್ನಿನ ಬೊಕ್ಕಸಕ್ಕೆ. ಅದರಲ್ಲಿ ಮೊದಲ ಪಾಲು ಟಿಕೆಟ್ ಕೊಂಡವನಿಗೆ ಸಲ್ಲಬೇಕು. ತಂಡವನ್ನು ಹೊರಗೆ ಕರೆದವನೇ ಶಿಕ್ಷೆ ಉಣ್ಣಬೇಕು, ಆಡಿದವರಲ್ಲ. ರೆಫರಿಯ ಮೇಲೆ ದೂರಿದ್ದರೆ ಆಟ ಮುಗಿಸಿ ದೂರು ಕೊಡಲಿ. ಪ್ರೇಕ್ಷಕನಿಲ್ಲದ ಮೈದಾನದಲ್ಲಿ ಇವರ ಕೋಟಿಗಳಿಗೆ ಬೆಲೆಯೇನು?