ಬಣ್ಣವೆಂದರೆ ಬರೀ ಅಲಂಕಾರವೆ?

ಫೋಟೋ ಕಲೆಯೆನಿಸಿಕೊಳ್ಳಬೇಕಾದರೆ ಕಪ್ಪುಬಿಳುಪಿನಲ್ಲಿಯೇ ಇರಬೇಕು, ಬಣ್ಣದ್ದೇನಿದ್ದರೂ ಗೋಡೆಯ ಕ್ಯಾಲೆಂಡರಿಗೆ ಸರಿ ಎನ್ನುವ ರಸಿಕರು ನಮ್ಮಲ್ಲಿ ಈಗಲೂ ಇದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಅಂಥವರು ಅಮೆರಿಕದ ಎಲಿಯಟ್ ಪೋರ್ಟರನ ಬದುಕನ್ನು ಒಮ್ಮೆ ನೋಡಬೇಕು.

1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದ ಪೋರ್ಟರ್ ಹಾರ್ವರ್ಡಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಆಮೇಲೆ ವೈದ್ಯಕೀಯ ಓದಿ, ಅಲ್ಲಿಯೇ ಪಾಠ ಹೇಳುತ್ತಿದ್ದವನು. 1938–39ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತನ್ನ ನ್ಯೂಯಾರ್ಕ್ ಗ್ಯಾಲರಿಯಲ್ಲಿ ಆತನ ಕಪ್ಪುಬಿಳುಪು ಚಿತ್ರಗಳನ್ನು ಪ್ರದರ್ಶಿಸಿದ. ಅದಾದ ಮೇಲೆ ಪೋರ್ಟರ್ ನೌಕರಿ ಬಿಟ್ಟ. (ಮನೆತನದ ಆಸ್ತಿ ಇತ್ತು, ಬಿಡಲು ಸಾಧ್ಯವಾಯಿತು, ಅದನ್ನೇಕೆ ಮುಚ್ಚಿಡಬೇಕು?) ಹಕ್ಕಿಗಳ ಪುಸ್ತಕವೊಂದನ್ನು ತರಲು ಹೋದರೆ, ಕಪ್ಪುಬಿಳುಪಿನಲ್ಲಿ ಯಾವ ಹಕ್ಕಿ ಯಾವುದೆಂದು ಗುರುತೇ ಸಿಗುವುದಿಲ್ಲವೆಂದು ಪ್ರಕಾಶಕರು ಹಿಂದಿರುಗಿಸಿದರು. ಆತ ಬಣ್ಣಕ್ಕೆ ಹೊರಳಿದ್ದು ಹೀಗೆ. ಶೋಕಿಗಲ್ಲ, ಸತ್ಯಕ್ಕಾಗಿ. ಬಣ್ಣವಿಲ್ಲದ ಪಠ್ಯಪುಸ್ತಕ ಹಿಡಿದು ಮಿಂಚುಳ್ಳಿಯ ಪಾಠ ಮಾಡಿದ ಯಾವ ಶಿಕ್ಷಕಿಯನ್ನಾದರೂ ಕೇಳಿ, ಆ ಪ್ರಕಾಶಕರ ಮಾತಿನ ತಿರುಳು ಏನೆಂದು ಆಕೆ ಹೇಳುತ್ತಾಳೆ.

ಬಣ್ಣದ ಕೆಲಸ ಸುಲಭವೆಂದುಕೊಳ್ಳುವುದೂ ತಪ್ಪು. ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಒಂದು ಚಿತ್ರವನ್ನು ಮೂರು ವರ್ಣಗಳಾಗಿ ಬೇರ್ಪಡಿಸಿ, ಮೂರು ಅಚ್ಚು ಮಾಡಿ, ಒಂದರ ಮೇಲೊಂದು ಕೂದಲೆಳೆಯೂ ತಪ್ಪದಂತೆ ಕಾಗದಕ್ಕೆ ಇಳಿಸಬೇಕು. ಇಷ್ಟೆಲ್ಲ ದುಡಿದರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಬ್ಬನೇ ಛಾಯಾಗ್ರಾಹಕನ ಬಣ್ಣದ ಚಿತ್ರಗಳ ಪ್ರದರ್ಶನವನ್ನು ಮೊದಲ ಬಾರಿಗೆ ಏರ್ಪಡಿಸಿದ್ದು 1979ರಲ್ಲಿ! ಅಷ್ಟು ಹೊತ್ತಿಗೆ ಪೋರ್ಟರನಿಗೆ ಎಪ್ಪತ್ತೆಂಟಾಗುತ್ತ ಬಂದಿತ್ತು. 1990ರಲ್ಲಿ ಆತ ತೀರಿಕೊಂಡ.

ಚಂದದ ಚಿತ್ರದಿಂದ ಏನು ಪ್ರಯೋಜನ ಎಂಬುದು ಇನ್ನೊಂದು ಆಕ್ಷೇಪ. ಕೊಲೊರಾಡೊ ನದಿಯ ಗ್ಲೆನ್ ಕಣಿವೆಗೆ ಅಣೆಕಟ್ಟು ಮಂಜೂರಾದದ್ದು 1956ರಲ್ಲಿ. ಬೇರೊಂದು ಕಣಿವೆಯನ್ನು ಉಳಿಸಿಕೊಳ್ಳುವ ಹುರುಪಿನಲ್ಲಿ ಸಿಯೆರಾ ಕ್ಲಬ್ಬಿನ ಪರಿಸರವಾದಿಗಳೂ ಇದಕ್ಕೆ ಅಡ್ಡಬರಲಿಲ್ಲ, ಏಕೆಂದರೆ ಅವರಲ್ಲಿ ಹೆಚ್ಚಿನವರು ಅದನ್ನು ನೋಡಿಯೇ ಇರಲಿಲ್ಲ. ಮುಳುಗುವ ಮೊದಲು ಪೋರ್ಟರ್ ಅಲ್ಲಿ ಮತ್ತೆ ಮತ್ತೆ ಸುತ್ತಿದ. ಕೆಂಪು ಬಂಡೆಯ ಬೆಳಕು ಬಿದ್ದು ಹೊನ್ನಾದ ನೀರು, ಅದರ ಪಕ್ಕದಲ್ಲೇ ಆಕಾಶದ ನೀಲಿ, ಸಂದುಗಳಲ್ಲಿ ಹಸಿರು ಜರಿಗಿಡ. ಇವನ್ನು ಕಪ್ಪುಬಿಳುಪಿನಲ್ಲಿ ತೆಗೆದು ತೋರಿಸಿ ನೋಡೋಣ! 1963ರ ಜನವರಿಯಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿತು. 'ಯಾರೂ ಅರಿಯದ ತಾಣ' ಎಂಬರ್ಥದ ಹೆಸರಿನಲ್ಲಿ ಪುಸ್ತಕ ಬಂದದ್ದೂ ಅದೇ ವರ್ಷ. ಗ್ಲೆನ್ ಕಣಿವೆಗೆ ಅದು ತಡವಾಯಿತು, ನಿಜ. ಆದರೆ ಮುಂದೆ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಜನ ಸುಮ್ಮನಿರಲಿಲ್ಲ, ಆ ಯೋಜನೆ 1968ರಲ್ಲಿ ಬಿದ್ದುಹೋಯಿತು. ಕಣಿವೆ ಮುಳುಗಿದರೆ ಏನು ಹೋಗುತ್ತದೆಂದು ಅವರಿಗೆ ಕಾಣಿಸಿದ್ದರಲ್ಲಿ ಈ ಪುಸ್ತಕದ ಪಾಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

2022–23ರ ಬರದಲ್ಲಿ ಅಲ್ಲಿನ ಜಲಾಶಯ ಇಳಿದಾಗ ಮುಳುಗಿದ ಸಂದುಗಳು ಹಲವೆಡೆ ಮತ್ತೆ ತಲೆಯೆತ್ತಿದವು. ಆ ಕೆಂಪು ಗೋಡೆಗಳ ಮೇಲೆ ನೀರು ನಿಂತಲ್ಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪಟ್ಟೆ. ಮೊದಲು ಅವು ಹೇಗಿದ್ದವೆಂದು ತಿಳಿಯಲು ಈಗ ತೆರೆಯಬೇಕಾದ್ದು ಪೋರ್ಟರನ ಬಣ್ಣದ ಪುಟಗಳನ್ನೇ.