ಹಳೆಯ ಬಂಡಿ, ಮಣ್ಣಿನ ದಾರಿ
ಹತ್ತು ವರ್ಷ ಸಂಸಾರ ಹೊತ್ತ ಬೊಲೆರೊವನ್ನು ಮಾಳಶೇಜ ಘಾಟದ ಕಡೆಯ ಮಣ್ಣುದಾರಿಗಳಿಗೆ ಅಣಿಮಾಡುವ ಆಸೆ ಐರೋಲಿಯ ಗುಮಾಸ್ತನಿಗೂ ಉಂಟು. ಆಸೆ ಮೊರದಷ್ಟು, ಸಂಬಳ ಹಿಡಿಯಷ್ಟು!

ಮೊದಲ ಹಣ ಬ್ರೇಕಿಗೆ, ಬಳಿಕ ಟೈರಿಗೆ. ಈ ಬಂಡಿಯ ಹೆಚ್ಚಿನ ಮಾದರಿಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗಷ್ಟೇ; ಕೆಸರಿನಲ್ಲಿ ಕಾಯುವುದು ಟೈರಿನ ಹಲ್ಲು. ಸಡಿಲ ಮಣ್ಣಿನಲ್ಲಿ ಗಾಳಿ ಕೊಂಚ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ; ಡಾಂಬರಿಗೆ ಬಂದೊಡನೆ ತುಂಬಬೇಕು. ಆದುದರಿಂದ ಪುಟ್ಟ ಪಂಪು, ಗಟ್ಟಿ ಹಗ್ಗ ಜೊತೆಗಿರಲಿ.

ಮುಂದುಗಡೆ ಉಕ್ಕಿನ ಗಾರ್ಡು ಮಾತ್ರ ಬೇಡ. ಗುದ್ದಿದರೆ ದಾರಿಹೋಕನಿಗೆ ಪೆಟ್ಟು ಹೆಚ್ಚು. ಅದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರವು 2017ರಲ್ಲಿ ರಾಜ್ಯಗಳಿಗೆ ಬರೆಯಿತು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬಂಡಿಯನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಬಂಡಿಗೆ ಮೀಸೆ ಏತಕ್ಕೆ? ಪಾದ ಗಟ್ಟಿಯಿರಲಿ, ಒಳಗೆ ಕೂರುವವರು ನಮ್ಮ ಮಕ್ಕಳು.